ದಿನ ತುಂಬಿದ ಮೇಲೆ: ಮದಲೂರು ಸೀಮೆಯಲ್ಲಿ ಹೆರಿಗೆ ನೋವಿಗೆ ಕಾದ ಬಗೆ

ಶಿರಾ ತಾಲ್ಲೂಕಿನ ಮದಲೂರು ಮತ್ತು ಅದರ ಸುತ್ತಿನ ಸೀಮೆಯಲ್ಲಿ ಒಂಬತ್ತನೇ ತಿಂಗಳು ದಾಟಿದ ಹೆಂಗಸು ದಿನ ತುಂಬಿದ ಬಸುರಿ. ನೋವು ಇವತ್ತೇ ಬರಬಹುದು, ಇನ್ನೆರಡು ವಾರ ಬರದೆಯೂ ಇರಬಹುದು. ಆ ವಾರಗಳಲ್ಲಿ ಅವಳು ಎಲ್ಲಿರಬೇಕು, ಜೊತೆಗೆ ಯಾರಿರಬೇಕು, ಹೊತ್ತು ಬಂತೆಂಬುದನ್ನು ಯಾವುದರಿಂದ ತಿಳಿಯಬೇಕು ಎಂಬುದೆಲ್ಲ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹೆಂಗಸರ ಬಾಳಿನಲ್ಲಿ ತಲೆಮಾರುಗಳ ಕಾಲ ಹೆಚ್ಚು ಅಲುಗಾಡದೆ ನಡೆದುಬಂದಿತ್ತು. ಆಮೇಲೆ, 2005ರಿಂದ ಈಚೆಗೆ, ಒಂದೇ ತಲೆಮಾರಿನಲ್ಲಿ ಪೂರಾ ಬದಲಾಯಿತು. ಮನೆಯಲ್ಲೇ ಹೆತ್ತ ಅತ್ತೆ, ಆಸ್ಪತ್ರೆಯಲ್ಲಲ್ಲದೆ ಬೇರೆಲ್ಲೂ ಹೆರಿಗೆ ಕಾಣದ ಸೊಸೆ ಇಂದು ಒಂದೇ ಮನೆಯಲ್ಲಿದ್ದಾರೆ.

ದಿನ ಎಣಿಸುವ ಕೆಲಸ ಹಿಂದೆ ಪೂರ್ತಿಯಾಗಿ ಹೆಂಗಸರದ್ದೇ ಆಗಿತ್ತು. ಮುಟ್ಟು ನಿಂತದ್ದು ಯುಗಾದಿಯ ಮುಂಚೆಯೋ ಆಮೇಲೋ, ಕಡ್ಲೆಕಾಯಿ ಬಿತ್ತುವಾಗಲೋ ಕೀಳುವಾಗಲೋ ಎಂಬ ನೆನಪೇ ಲೆಕ್ಕದ ತಳಪಾಯ. ಅಲ್ಲಿಂದ ಅಮಾವಾಸ್ಯೆ, ಹುಣ್ಣಿಮೆಗಳ ಮೇಲೆ ತಿಂಗಳು ಸಾಗುತ್ತಿತ್ತು. ಒಂಬತ್ತು ತಿಂಗಳು ಒಂಬತ್ತು ದಿನ ಎಂಬುದು ನಾಡಿನುದ್ದಕ್ಕೂ ರೂಢಿಯಲ್ಲಿದ್ದ ಅಳತೆ. ಹತ್ತೊಂಬತ್ತನೇ ಶತಮಾನದ ಜರ್ಮನ್ ವೈದ್ಯ ನೇಗೆಲೆಯ ಹೆಸರಿನಲ್ಲಿ ಪ್ರಸಿದ್ಧವಾದ, ಇಂದಿಗೂ ಆಸ್ಪತ್ರೆಗಳು ಬಳಸುವ ಸೂತ್ರ ಹೇಳುವುದು ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಬೇಕೆಂದು. ಅಂದರೆ 280 ದಿನ. ಎರಡು ಲೆಕ್ಕಕ್ಕೂ ಇರುವ ಅಂತರ ಅಷ್ಟು ಕಿರಿದು. ಆದರೆ ಹಳ್ಳಿಯ ಲೆಕ್ಕಕ್ಕೆ ಒಂದು ವಿವೇಕವಿತ್ತು. ಅದು ಯಾವ ಒಂದು ದಿನಕ್ಕೂ ಗಂಟುಬೀಳುತ್ತಿರಲಿಲ್ಲ. ಹೇಳಿದ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ ಎಂಬುದನ್ನು ವೈದ್ಯಶಾಸ್ತ್ರವೂ ಒಪ್ಪುತ್ತದೆ. ಮೂವತ್ತೇಳು ವಾರ ತುಂಬಿದ ಮೇಲೆ ನಲವತ್ತೆರಡರವರೆಗೆ ಎಂದು ಹುಟ್ಟಿದರೂ ಅದು ಸಕಾಲವೇ. ನೋವು ಶುರುವಾಗುವುದಕ್ಕೆ ತಾಯಿಯ ಮೈಯ ರಸದೂತಗಳಷ್ಟೇ ಬಲಿತ ಕೂಸಿನ ಮೈಯ ಸೂಚನೆಗಳೂ ಕಾರಣ. ಅವು ಪಂಚಾಂಗವನ್ನೂ ಕ್ಯಾಲೆಂಡರನ್ನೂ ನೋಡುವುದಿಲ್ಲ.

ಚೊಚ್ಚಲ ಹೆರಿಗೆಗೆ ಕಾಯುವ ಜಾಗ ತವರುಮನೆ. ಏಳನೇ ಇಲ್ಲವೇ ಒಂಬತ್ತನೇ ತಿಂಗಳಲ್ಲಿ ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ತವರಿನವರು ಮಗಳನ್ನು ಕರೆದೊಯ್ಯುತ್ತಿದ್ದರು. ಈ ಪದ್ಧತಿಯನ್ನು ಬರಿಯ ಶಾಸ್ತ್ರವೆಂದು ಬದಿಗಿಡುವಂತಿಲ್ಲ. ಮಳೆಯಾಶ್ರಯದ ಒಣನೆಲದಲ್ಲಿ, ಅದರಲ್ಲೂ ಪಾವಗಡದಂಥ ಬರದ ಸೀಮೆಯಲ್ಲಿ, ಗಂಡನ ಮನೆಯ ಸೊಸೆಗೆ ನೀರು ಹೊರುವುದು, ರಾಗಿ ಬೀಸುವುದು, ಹೊಲಗೆಲಸ ಯಾವುದೂ ತಪ್ಪುತ್ತಿರಲಿಲ್ಲ. ಕೊನೆಯ ವಾರಗಳಲ್ಲಿ ಅವಳಿಗೆ ಬಿಡುವು ಸಿಗುತ್ತಿದ್ದದ್ದು, ಬೇಕೆಂದದ್ದನ್ನು ಬಾಯಿಬಿಟ್ಟು ಕೇಳಲು ಆಗುತ್ತಿದ್ದದ್ದು, ನೋವು ಬಂದಾಗ ನಾಚದೆ ಕೂಗಲು ಆಗುತ್ತಿದ್ದದ್ದು ಅವ್ವನ ಮನೆಯಲ್ಲೇ. ಎರಡನೆಯ, ಮೂರನೆಯ ಬಸಿರಿಗೆ ಈ ಅನುಕೂಲ ಎಷ್ಟೋ ಮಂದಿಗೆ ಇರಲಿಲ್ಲ. ಅಂಥವರು ನೋವು ಕಾಣಿಸುವ ದಿನದವರೆಗೂ ಹೊಲದಲ್ಲೇ ಇರುತ್ತಿದ್ದರು. ಕಳೆ ಕೀಳುವಾಗಲೋ ದನದ ಹಿಂದೆ ಹೋದಾಗಲೋ ಹೆತ್ತು, ಕೂಸನ್ನು ಸೆರಗಿನಲ್ಲಿ ಸುತ್ತಿ ತಂದವರ ಕಥೆ ಈ ಕಡೆಯ ಮುದುಕಿಯರ ಬಾಯಲ್ಲಿ ಇಂದಿಗೂ ಇದೆ. ಅದನ್ನು ಹಿಂದಿನವರ ಗಟ್ಟಿತನವೆಂದು ಕೊಂಡಾಡುವುದುಂಟು. ಬಿಡುವು ಸಿಗದವರ ಪಾಡು ಎನ್ನುವುದು ಹೆಚ್ಚು ಸರಿ.

ಕಾಯುವಿಕೆಯ ನಡುವೆ ನಿಂತವಳು ಸೂಲಗಿತ್ತಿ. ದಿನ ಹತ್ತಿರ ಬಂದಂತೆ ಅವಳು ಆಗಾಗ ಬಂದು ಹೊಟ್ಟೆ ಮುಟ್ಟಿ ನೋಡುತ್ತಿದ್ದಳು. ತಲೆ ಕೆಳಗೆ ತಿರುಗಿದೆಯೇ, ಕೂಸು ಮಿಸುಕುತ್ತಿದೆಯೇ, ಹೊಟ್ಟೆ ಇಳಿದಿದೆಯೇ ಎಂಬ ಮೂರು ಪ್ರಶ್ನೆಗೂ ಅವಳ ಅಂಗೈಯೇ ಉತ್ತರ ಹುಡುಕಬೇಕಿತ್ತು. ಚೊಚ್ಚಲಿನವಳಿಗೆ ಹೊಟ್ಟೆ ಎರಡು ಮೂರು ವಾರ ಮೊದಲೇ ಇಳಿಯಬಹುದು, ಹೆತ್ತ ಅನುಭವವಿದ್ದವಳಿಗೆ ನೋವಿನ ದಿನವೇ ಇಳಿಯಬಹುದು. ಈ ವ್ಯತ್ಯಾಸ ಗೊತ್ತಿಲ್ಲದವಳಿಗೆ ಸೂಲಗಿತ್ತಿತನ ಒಗ್ಗುತ್ತಿರಲಿಲ್ಲ.

ಕೊನೆಯ ವಾರಗಳಲ್ಲಿ ಬಂದು ಹೋಗುವ ಸುಳ್ಳು ನೋವನ್ನು ನಿಜದ ನೋವಿನಿಂದ ಬೇರ್ಪಡಿಸಲು ಜೀರಿಗೆ ಕಷಾಯ ಕುಡಿಸುವ ರೂಢಿ ಮನೆಮನೆಯಲ್ಲೂ ಇತ್ತು. ಬಿಸಿ ಕಷಾಯಕ್ಕೆ ನೋವು ಅಡಗಿದರೆ ಅದು ಸುಳ್ಳು, ಏರಿದರೆ ನಿಜ. ಕಷಾಯ ಹೆರಿಗೆ ಮಾಡಿಸುವುದಿಲ್ಲ. ಆದರೆ ಬಸುರಿಯನ್ನು ಕೂರಿಸಿ, ಬೆಚ್ಚಗೆ ಏನಾದರೂ ಕುಡಿಸಿ, ಅರ್ಧ ಗಂಟೆ ಗಮನಿಸಿ ನೋಡುವುದು ನೋವಿನ ಬಗೆ ತಿಳಿಯಲು ಒಳ್ಳೆಯ ದಾರಿಯೇ. ಸುಳ್ಳು ನೋವು ವಿಶ್ರಾಂತಿಗೆ ತಗ್ಗುತ್ತದೆ, ನಿಜದ ನೋವು ತಗ್ಗುವುದಿಲ್ಲ ಎಂದೇ ಇಂದಿನ ದಾದಿಯರೂ ಹೇಳುತ್ತಾರೆ. ಕೆಂಪು ಕಾಣಿಸಿತು, ನೀರು ಹೋಯಿತು ಎಂಬ ಸುದ್ದಿ ಬಂದರೆ ಮುಂದೆ ತಡವಿಲ್ಲ. ಮನೆಯ ಒಂದು ಮೂಲೆ ಒಪ್ಪ ಮಾಡಿ, ಒಲೆಯ ಮೇಲೆ ಹಂಡೆ ಇಟ್ಟು, ಹಳೆಯ ಸೀರೆಗಳನ್ನು ಹೊರತೆಗೆಯುತ್ತಿದ್ದರು. ಹಲವೆಡೆ ತೊಲೆಗೆ ಹಗ್ಗ ಕಟ್ಟಿ, ಬಸುರಿ ಅದನ್ನು ಹಿಡಿದು ಕುಕ್ಕರಗಾಲಲ್ಲಿ ಕೂರುವಂತೆ ಮಾಡುತ್ತಿದ್ದರು. ಬೆನ್ನಿಗೆ ಇನ್ನೊಬ್ಬ ಹೆಂಗಸು ಆತು ಕೂರುತ್ತಿದ್ದಳು. ಹೆರಿಗೆ ಸಲೀಸಾಗಲೆಂದು ಪೆಟ್ಟಿಗೆಯ ಬೀಗ ತೆಗೆಯುವುದು, ಗಂಟುಗಳನ್ನು ಬಿಚ್ಚುವುದು ನಂಬಿಕೆಯ ಮಾತು.

ಈ ಸೀಮೆಯ ಸೂಲಗಿತ್ತಿಯರಲ್ಲಿ ದೇಶವೇ ಗುರುತಿಸಿದ ಹೆಸರು ನರಸಮ್ಮನದು. 1920ರಲ್ಲಿ ಹುಟ್ಟಿದ ಆಕೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಮನೆಮಾತು ತೆಲುಗು, ಓದು ಬರಹ ಇರಲಿಲ್ಲ. ಹನ್ನೆರಡನೇ ವಯಸ್ಸಿಗೆ ಮದುವೆಯಾಯಿತು. ಹೆತ್ತ ಹನ್ನೆರಡು ಮಕ್ಕಳಲ್ಲಿ ನಾಲ್ಕು ಎಳವೆಯಲ್ಲೇ ತೀರಿಕೊಂಡವು. ಸೂಲಗಿತ್ತಿಯಾಗಿದ್ದ ಅಜ್ಜಿ ಮರಿಗೆಮ್ಮನ ಕೈಕೆಳಗೆ ಕಲಿತು, ಇಪ್ಪತ್ತನೇ ವಯಸ್ಸಿಗೆ, 1940ರ ಸುಮಾರಿಗೆ, ಸ್ವತಂತ್ರವಾಗಿ ಮೊದಲ ಹೆರಿಗೆ ಮಾಡಿಸಿದರು. ಊರಿಗೆ ಬಂದು ಬೀಡುಬಿಡುತ್ತಿದ್ದ ಅಲೆಮಾರಿಗಳಿಂದ ಗಿಡಮೂಲಿಕೆಯ ತಿಳಿವಳಿಕೆ ಪಡೆದರು. ಆಮೇಲಿನ ಏಳು ದಶಕಗಳಲ್ಲಿ ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು ಎನ್ನುತ್ತಾರೆ, ಅದೂ ಹಣ ಪಡೆಯದೆ. ಹೊಟ್ಟೆ ಮುಟ್ಟಿಯೇ ಕೂಸಿನ ನಾಡಿ, ತಲೆಯ ದಿಕ್ಕು, ಮೈಬೆಳವಣಿಗೆ ಹೇಳಬಲ್ಲವರಾಗಿದ್ದರು ಎಂಬುದು ಅವರನ್ನು ಕಂಡವರ ಮಾತು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ, ತೊಂಬತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡರು. ಪ್ರಶಸ್ತಿಗಳೆಲ್ಲ ಬಂದದ್ದು ಸೂಲಗಿತ್ತಿಯ ಕೆಲಸ ಹಳ್ಳಿಗಳಲ್ಲಿ ಮುಗಿಯುತ್ತ ಬಂದ ಮೇಲೆ ಎಂಬುದನ್ನು ಗಮನಿಸಬೇಕು. ಅದಕ್ಕೂ ಹಿಂದಿನ ಆರೇಳು ದಶಕ ಆ ಕೆಲಸಕ್ಕೆ ಸರ್ಕಾರದ ಲೆಕ್ಕದಲ್ಲಿ ಹೆಚ್ಚಿನ ಬೆಲೆಯಿರಲಿಲ್ಲ.

ಸೂಲಗಿತ್ತಿಯ ಕೈಗೆ ಮಿತಿಯೂ ಇತ್ತು. ಕೂಸು ಅಡ್ಡ ನಿಂತಾಗ, ಹೆತ್ತ ಮೇಲೆ ಮಾಸು ಬೀಳದೆ ರಕ್ತ ನಿಲ್ಲದಾಗ, ಬಸುರಿ ನಂಜೇರಿ ಸೆಟೆದುಕೊಂಡಾಗ ಮಾಡಲು ಹೆಚ್ಚಿನದೇನೂ ಉಳಿಯುತ್ತಿರಲಿಲ್ಲ. ಎತ್ತಿನ ಗಾಡಿಯಲ್ಲಿ ಶಿರಾ, ಮಧುಗಿರಿಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದುಹೋಗಿರುತ್ತಿತ್ತು. ದಿನ ಮೀರಿದರೂ ನೋವು ಬರದಿದ್ದರೆ ಕೂಸಿಗೆ ಅಪಾಯ ಹೆಚ್ಚುತ್ತ ಹೋಗುತ್ತದೆ. ಲೆಕ್ಕ ನೆನಪಿನ ಮೇಲೆ ನಿಂತಾಗ ದಿನ ಮೀರಿದ್ದು ಗೊತ್ತಾಗುವುದೇ ಕಷ್ಟ. ಬೇಗ ಆಗಲೆಂದು ಹರಳೆಣ್ಣೆ ಕುಡಿಸುವುದು, ಹೊಟ್ಟೆ ಒತ್ತುವುದು, ಆಮೇಲಿನ ದಶಕಗಳಲ್ಲಿ ಯಾರನ್ನೋ ಕರೆಸಿ ನೋವಿನ ಸೂಜಿ ಹಾಕಿಸುವುದು ಕೂಡ ನಡೆಯುತ್ತಿತ್ತು. ಹಳೆಯ ಕಾಯುವಿಕೆ ಎಲ್ಲೆಡೆ ಸಹನೆಯದೇ ಆಗಿತ್ತು ಎಂದು ಹೇಳುವಂತಿಲ್ಲ.

ಈ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಕಾಯುವುದರ ಅರ್ಥವೇ ಬೇರೆ. ಕುರಿ, ದನಗಳನ್ನು ನಂಬಿದ ಈ ಸಮುದಾಯ ಶಿರಾ, ಪಾವಗಡ, ಮಧುಗಿರಿಯಿಂದ ಚಿತ್ರದುರ್ಗದವರೆಗೆ ಹರಡಿದೆ. ಅವರ ಸಾಂಸ್ಕೃತಿಕ ವೀರ ಜುಂಜಪ್ಪನ ಗುಡ್ಡೆ ಇರುವುದು ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ. ಮುಳ್ಳುಬೇಲಿಯ ಒಳಗಿನ ಹಟ್ಟಿ ದೇವರ ನೆಲ, ಅಲ್ಲಿ ಸೂತಕ ತಾಗಬಾರದು ಎಂಬುದು ಅವರ ನಂಬಿಕೆ. ಆದ್ದರಿಂದ ಮುಟ್ಟಾದವರೂ ಹೆರುವವರೂ ಬೇಲಿಯ ಆಚೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ಸಂಪುಟಗಳಲ್ಲಿ ಮೈಸೂರು ಸೀಮೆಯ ಗೊಲ್ಲರ ಒಂದು ಪಂಗಡದ ಈ ಪದ್ಧತಿಯ ವಿವರವಿದೆ: ಊರಿನಿಂದ ಸುಮಾರು ಇನ್ನೂರು ಗಜ ದೂರದಲ್ಲಿ ಸೊಪ್ಪಿನ ಇಲ್ಲವೇ ಚಾಪೆಯ ಗುಡ್ಲು, ಅದರಲ್ಲಿ ಬಾಣಂತಿ ಮತ್ತು ಕೂಸು ಏಳರಿಂದ ಮೂವತ್ತು ದಿನ. ಇಲ್ಲಿ ದಿನ ತುಂಬಿದವಳ ಜೊತೆಗೆ ಅನುಭವಿಗಳು ಕೂತು ಮೈ ನೀವುವುದಿಲ್ಲ. ದೂರದಲ್ಲಿ ನಿಂತು ಹೀಗೆ ಮಾಡು, ಹಾಗೆ ಮಾಡು ಎನ್ನುತ್ತಾರೆ. ನೋವು ಶುರುವಾಯಿತೆಂದರೆ ಅವಳು ಎದ್ದು ಹಟ್ಟಿ ದಾಟಬೇಕು. ಮಳೆ, ಚಳಿ, ಹಾವು ಚೇಳುಗಳ ಭಯ ಎಲ್ಲವೂ ಅವಳ ಪಾಲಿಗೆ.

ಈ ಪದ್ಧತಿಯನ್ನು ಸಂಸ್ಕೃತಿಯ ಹೆಸರಿನಲ್ಲಿ ಸಮರ್ಥಿಸಲು ಆಗದು. ಅದರ ಬೆಲೆ ತೆರುತ್ತ ಬಂದವರು ತಾಯಂದಿರು ಮತ್ತು ಹಸುಗೂಸುಗಳು. ಸರ್ಕಾರ ಹಲವು ಹಟ್ಟಿಗಳ ಬಳಿ ಹೆಂಗಸರಿಗಾಗಿ ಕಟ್ಟಡ ಕಟ್ಟಿಸಿತು. ಗುಡ್ಲಿಗಿಂತ ಅದು ಮೇಲು ನಿಜ, ಆದರೆ ಹೊರಗಿಡುವುದಕ್ಕೆ ಸೂರು ಒದಗಿಸಿದಂತೆಯೂ ಆಯಿತು. 2017ರಲ್ಲಿ ರೂಪುಗೊಂಡು 2020ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯದ ಮೌಢ್ಯ ನಿಷೇಧ ಕಾಯ್ದೆ, ಮುಟ್ಟಾದವರನ್ನೂ ಬಸುರಿಯರನ್ನೂ ಊರಾಚೆ ಇಡುವುದನ್ನು ಅಪರಾಧದ ಪಟ್ಟಿಗೆ ಸೇರಿಸಿತು. ಹಾಗಿದ್ದೂ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಊರ ಹೊರಗಿನ ಗುಡ್ಲಿನಲ್ಲಿ ತಾಯಿಯೊಂದಿಗೆ ಇದ್ದ ಎಳೆಗೂಸೊಂದು ಮಳೆ ಚಳಿಗೆ ಸಿಕ್ಕಿ ತೀರಿಕೊಂಡಿತು. ಆ ತಾಯಿ ಹೆತ್ತದ್ದು ಆಸ್ಪತ್ರೆಯಲ್ಲಿ. ಹೆರಿಗೆ ಆಸ್ಪತ್ರೆಗೆ ಸರಿದರೂ ಸೂತಕ ಹಟ್ಟಿಯ ಬಾಗಿಲಲ್ಲೇ ಉಳಿದಿತ್ತು.

ಸರ್ಕಾರದ ಕೈ ಈ ಸೀಮೆಯ ಬಸುರಿಯನ್ನು ಮುಟ್ಟಿದ್ದು ನಿಧಾನವಾಗಿ. ಮೈಸೂರು ಸಂಸ್ಥಾನ ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲೇ ತಾಲ್ಲೂಕು ಕೇಂದ್ರಗಳಿಗೆ ತರಬೇತಾದ ಮಿಡ್‌ವೈಫರನ್ನು ನೇಮಿಸತೊಡಗಿತ್ತು. 1935ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ತೆರೆಯಿತು. ಹಳ್ಳಿಗೆ ಇವೆಲ್ಲ ದೂರ. ಸ್ವಾತಂತ್ರ್ಯದ ನಂತರ ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರದ ದಾದಿ, ಸೂಲಗಿತ್ತಿಯರಿಗೆ ತರಬೇತಿ ಬಂದವು. ಶುದ್ಧ ಬ್ಲೇಡು, ದಾರ, ಸೋಪು ಇರುವ ಪೊಟ್ಟಣ, ಹೊಕ್ಕುಳಬಳ್ಳಿ ಕತ್ತರಿಸುತ್ತಿದ್ದ ಕುಡುಗೋಲಿನ ಜಾಗಕ್ಕೆ ಬಂತು. ಆದರೂ 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆ ನೂರಕ್ಕೆ ನಲವತ್ತನ್ನೂ ಮುಟ್ಟಿರಲಿಲ್ಲ.

ತಿರುವು ಬಂದದ್ದು 2005ರಿಂದ. ಜನನಿ ಸುರಕ್ಷಾ ಯೋಜನೆ ಆಸ್ಪತ್ರೆಯಲ್ಲಿ ಹೆತ್ತವರಿಗೆ ಹಣ ಕೊಟ್ಟಿತು. ಆಶಾ ಕಾರ್ಯಕರ್ತೆ ಜೊತೆಗೆ ಹೋಗತೊಡಗಿದಳು. ರಾಜ್ಯದ ಮಡಿಲು, ಪ್ರಸೂತಿ ಆರೈಕೆ, ತಾಯಿ ಭಾಗ್ಯ ಯೋಜನೆಗಳು ಸೇರಿಕೊಂಡವು. 2008ರ ನವೆಂಬರ್ 1ರಂದು ಶುರುವಾದ 108 ಆಂಬುಲೆನ್ಸ್ ಎಲ್ಲಕ್ಕಿಂತ ದೊಡ್ಡ ಬದಲಾವಣೆ, ಏಕೆಂದರೆ ಕಾಯುವವರ ಎದೆಯಲ್ಲಿದ್ದ ಅತಿ ದೊಡ್ಡ ಭಯ ಹೊತ್ತಿಗೆ ಗಾಡಿ ಸಿಗುವುದೋ ಇಲ್ಲವೋ ಎಂಬುದು. ರಾಜ್ಯದಲ್ಲಿ 2005-06ರ ಹೊತ್ತಿಗೆ ನೂರಕ್ಕೆ ಸುಮಾರು 65 ಇದ್ದ ಆಸ್ಪತ್ರೆ ಹೆರಿಗೆ 2015-16ಕ್ಕೆ 94, 2019-21ಕ್ಕೆ 97 ಆಯಿತು. ಲಕ್ಷ ಜೀವಂತ ಜನನಕ್ಕೆ 2001-03ರಲ್ಲಿ 228 ಇದ್ದ ತಾಯಂದಿರ ಸಾವು 2018-20ರ ಹೊತ್ತಿಗೆ 69ಕ್ಕೆ ಇಳಿಯಿತು. ಈ ಎರಡು ಅಂಕಿಗಳ ನಡುವೆ ಉಳಿದ ಜೀವಗಳ ಮುಂದೆ ಹಳೆಯದರ ಬಗೆಗಿನ ಯಾವ ಹಂಬಲವೂ ನಿಲ್ಲದು.

ಕಾಯುವ ರೀತಿಯೂ ಇದರೊಂದಿಗೆ ಬದಲಾಯಿತು. ಹುಣ್ಣಿಮೆಯ ಲೆಕ್ಕದ ಜಾಗಕ್ಕೆ ಸ್ಕ್ಯಾನಿಂಗ್ ಚೀಟಿಯ ತಾರೀಖು ಬಂತು. ಡೇಟು ಮುಗಿಯಿತು ಎಂಬ ಆತಂಕ ಮನೆಗಳಲ್ಲಿ ಹೊಸದು. ನಲವತ್ತೊಂದು ವಾರ ತುಂಬಿದರೆ ಔಷಧಿ ಕೊಟ್ಟು ನೋವು ಬರಿಸುವುದು ವೈದ್ಯಕೀಯವಾಗಿ ಸರಿಯೇ. ಆದರೆ ಅಷ್ಟು ದಿನ ಕಾಯುವ ತಾಳ್ಮೆ ಆಸ್ಪತ್ರೆಗಳಿಗೂ ಮನೆಯವರಿಗೂ ಕಡಿಮೆಯಾಗಿದೆ. ಒಳ್ಳೆಯ ನಕ್ಷತ್ರ ನೋಡಿ ಸಿಸೇರಿಯನ್ ಕೇಳುವವರೂ ಇದ್ದಾರೆ. ರಾಜ್ಯದಲ್ಲಿ ಸಿಸೇರಿಯನ್ ಪ್ರಮಾಣ 2015-16ರಲ್ಲಿ ನೂರಕ್ಕೆ 24ರ ಆಸುಪಾಸಿನಲ್ಲಿದ್ದದ್ದು 2019-21ಕ್ಕೆ 31 ದಾಟಿತು.

ತವರಿಗೆ ಹೋಗುವ ಪದ್ಧತಿ ಮಾತ್ರ ಗಟ್ಟಿಯಾಗಿ ನಿಂತಿದೆ, ಮತ್ತು ಯೋಜನೆಗಳಿಗೆ ಅದು ಸದಾ ಎಡವುವ ಕಲ್ಲು. ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸುವ ಮಾತೃಪೂರ್ಣ ಯೋಜನೆಯನ್ನು 2017ರ ಅಕ್ಟೋಬರ್ 2ರಂದು ರಾಜ್ಯಕ್ಕೆ ವಿಸ್ತರಿಸುವ ಮೊದಲು ಪ್ರಯೋಗ ಮಾಡಿದ ನಾಲ್ಕು ತಾಲ್ಲೂಕುಗಳಲ್ಲಿ ಮಧುಗಿರಿಯೂ ಒಂದು. ಅನ್ನ, ಸಾರು, ಮೊಟ್ಟೆ, ಹಾಲು, ಕಡ್ಲೆಕಾಯಿ ಚಿಕ್ಕಿ ಎಲ್ಲ ಇತ್ತು. ದಿನ ತುಂಬಿದವಳು ಬಿಸಿಲಲ್ಲಿ ನಡೆದು ಬರುವುದು, ಬಾಣಂತಿ ಮನೆಯ ಹೊಸ್ತಿಲು ದಾಟುವುದು ಎರಡೂ ಕಷ್ಟವೆಂಬುದು ಯೋಜನೆಯ ಮೊದಲ ದಿನಗಳಲ್ಲೇ ಕಂಡಿತು. ಹೆಸರು ದಾಖಲಾಗುವುದು ಗಂಡನ ಊರಿನಲ್ಲಿ, ಕೊನೆಯ ವಾರಗಳು ಕಳೆಯುವುದು ತವರಿನಲ್ಲಿ. ನಡುವಿನ ಕೊಂಡಿ, ಬಸುರಿಯ ಆರೈಕೆಯ ವಿವರ ಬರೆದಿಡುವ ತಾಯಿ ಕಾರ್ಡ್. ಆ ಕಾರ್ಡ್ ಇಲ್ಲವೆಂಬ ಕಾರಣಕ್ಕೆ 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ನೋವು ತಿನ್ನುತ್ತಿದ್ದ ಬಸುರಿಯೊಬ್ಬರನ್ನು ಆಸ್ಪತ್ರೆಗೆ ಸೇರಿಸಿಕೊಳ್ಳದೆ, ತಾಯಿಯೂ ಅವಳಿ ಕೂಸುಗಳೂ ತೀರಿಕೊಂಡ ಪ್ರಕರಣ ರಾಜ್ಯವನ್ನೇ ಕಲಕಿತು. ತುರ್ತಿನಲ್ಲಿ ಕಾಗದ ಕೇಳಕೂಡದೆಂಬ ಆದೇಶ ಆಮೇಲೆ ಹೊರಟಿತು.

ಆಸ್ಪತ್ರೆಯ ಕಾಯುವಿಕೆಯಲ್ಲಿ ಕಳೆದುಹೋದದ್ದು ಬೆನ್ನಿಗೆ ಆತು ಕೂರುತ್ತಿದ್ದ ಹೆಂಗಸು. ಹೆರಿಗೆ ವಾರ್ಡಿನ ಬಾಗಿಲಲ್ಲಿ ಅವ್ವನನ್ನು ನಿಲ್ಲಿಸಿ, ಒಳಗೆ ಬಸುರಿಯನ್ನು ಒಂಟಿಯಾಗಿ ಮಲಗಿಸುವುದು ಬಹುಕಾಲ ನಡೆದ ನಿಯಮ. ಇದನ್ನು ಸರಿಪಡಿಸುವ ಯತ್ನ ಈಚಿನದು. ಹೆರಿಗೆ ಕೋಣೆಗಳ ಗುಣಮಟ್ಟಕ್ಕಾಗಿ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ತಂದ 'ಲಕ್ಷ್ಯ' ಕಾರ್ಯಕ್ರಮ, ಬಸುರಿ ತಾನು ಬಯಸಿದ ಒಬ್ಬ ಹೆಂಗಸನ್ನು ಜೊತೆಗಿಟ್ಟುಕೊಳ್ಳಲು ಅವಕಾಶ ಕೊಟ್ಟಿತು. ಸಹಜ ಹೆರಿಗೆಯನ್ನು ತಾವೇ ನಡೆಸಬಲ್ಲ ವಿಶೇಷ ತರಬೇತಿಯ ದಾದಿಯರನ್ನು ಸಿದ್ಧಗೊಳಿಸುವ ರಾಷ್ಟ್ರೀಯ ಮಾರ್ಗಸೂಚಿ ಹೊರಬಂದದ್ದು 2018ರ ಡಿಸೆಂಬರ್‌ನಲ್ಲಿ, ನರಸಮ್ಮ ತೀರಿಕೊಂಡ ತಿಂಗಳಲ್ಲೇ. ಅವಸರಿಸದೆ ಗಮನಿಸುವುದು, ಬೇಕಾದಂತೆ ಕೂರಲು ನಡೆದಾಡಲು ಬಿಡುವುದು, ಜೊತೆ ಬಿಡದಿರುವುದು ಆ ತರಬೇತಿಯ ಪಾಠಗಳು. ತೊಡಕು ಕಂಡ ಕೂಡಲೇ ವೈದ್ಯರ ಕೈಗೆ ಒಪ್ಪಿಸುವುದು ಅದಕ್ಕೆ ಸೇರಿದ ಹೊಸ ಪಾಠ.