ಅರ್ಧ ದಾರಿಯ ಕಾಗದ

ಹೋದ ಮಳೆಗಾಲದ ಆರಂಭದಲ್ಲಿ ಹೊನ್ನಾವರದ ಬಂದರಿನ ಕೇರಿಯಿಂದ ಒಬ್ಬ ಹುಡುಗಿ ನಮ್ಮ ಮನೆಗೆ ಬಂದಳು. ಅವಳ ತಾಯಿ ನನ್ನ ಹಳೆಯ ವಿದ್ಯಾರ್ಥಿನಿ. ಆ ಸಲಿಗೆಯಿಂದ ಬಂದಿದ್ದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮಳೆಹನಿ ತಾಗದಂತೆ ಮಡಿಸಿಟ್ಟ ಡಿಪ್ಲೊಮಾ ಕಾಗದ. ಪಿ.ಯು.ಸಿ. ಮುಗಿದ ಮೇಲೆ ಮನೆಯ ಅಡಚಣೆಯಿಂದಾಗಿ ಪದವಿ ಕಾಲೇಜಿಗೆ ಹೋಗಲಾರದೆ, ಬೇರೊಂದು ಊರಿನ ಸಮುದಾಯ ಕಾಲೇಜಿನಲ್ಲಿ ಒಂದು ವರುಷ ಸಮುದಾಯ ಆರೋಗ್ಯದ ಶಿಕ್ಷಣ ಪಡೆದಿದ್ದಳು. ವಾರಕ್ಕೆ ಎರಡು ದಿನ ಕೇರಿ ಕೇರಿ ತಿರುಗಿ, ಬಸುರಿ ಬಾಣಂತಿಯರನ್ನು ಮಾತನಾಡಿಸಿ, ಅಂಗನವಾಡಿಯ ಮಕ್ಕಳ ತೂಕ ಬರೆದುಕೊಂಡು ಒಂದು ದಪ್ಪ ವಹಿಯನ್ನೇ ತುಂಬಿಸಿದ್ದಳು. ಈಗ ಸಮಾಜಕಾರ್ಯದ ಪದವಿ, ಬಿ.ಎಸ್.ಡಬ್ಲ್ಯು., ಓದಬೇಕೆಂಬ ಮನಸ್ಸು. ಜಿಲ್ಲೆಯ ಒಂದು ಕಾಲೇಜಿಗೆ ಹೋಗಿ, ಎರಡನೆಯ ವರುಷಕ್ಕೆ ಸೇರಿಸಿಕೊಳ್ಳಿರೆಂದು ಕೇಳಿದಳಂತೆ. ಅಲ್ಲಿಯ ಕಾರಕೂನರು ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿ, “ಇದು ಚಲೋ ಉಂಟು, ಆದ್ರೆ ಇಲ್ಲಿ ನಡೆಯುದಿಲ್ಲ. ಮೊದಲನೇ ವರ್ಷದಿಂದ್ಲೇ ಬರ್ಬೇಕು” ಎಂದರಂತೆ.

“ಹಾಗಾದ್ರೆ ನಾನು ಆ ಒಂದು ವರ್ಷ ಮಾಡಿದ್ದು ಎಂತ, ಮಾಸ್ತರೇ?” ಎಂದು ಹುಡುಗಿ ಕೇಳಿದಳು.

ಮೂವತ್ತು ವರುಷ ಇತಿಹಾಸ ಕಲಿಸಿದವನು ನಾನು. ಉತ್ತರ ಹೊಳೆಯಲಿಲ್ಲ. ಅವಳು ಹೋದ ಮೇಲೆ ಅಟ್ಟದ ಮೇಲಿದ್ದ ನನ್ನ ಚಿಕ್ಕಪ್ಪನ ಟ್ರಂಕು ನೆನಪಾಯಿತು. ಅದರಲ್ಲಿಯೂ ಇಂಥದೇ ಒಂದು ಕಾಗದವಿದೆ: ಮುಂಬಯಿ ವಿದ್ಯಾಪೀಠದ ಇಂಟರ್ ಆರ್ಟ್ಸ್ ಪರೀಕ್ಷೆ, 1936. ಅದೂ ಅರ್ಧ ದಾರಿಯ ಕಾಗದವೇ. ಆದರೆ ಅದನ್ನು ಯಾರೂ ಹಿಂದಕ್ಕೆ ತಳ್ಳಲಿಲ್ಲ.

ಇದು ಹೇಗೆ ಎಂದು ತಿಳಿಯಬೇಕಾದರೆ ನಮ್ಮ ಕರಾವಳಿಯ ಹಳೆಯ ಗಡಿಗಳನ್ನು ಸ್ವಲ್ಪ ನೆನೆಯಬೇಕು. 1860ರಲ್ಲಿ ಕನ್ನಡ ಜಿಲ್ಲೆ ಎರಡಾಯಿತು. 1862ರಲ್ಲಿ ಅದರ ಉತ್ತರಭಾಗ ಮುಂಬಯಿ ಇಲಾಖೆಗೆ ಸೇರಿತು, ದಕ್ಷಿಣಭಾಗ ಮದ್ರಾಸಿನಲ್ಲಿಯೇ ಉಳಿಯಿತು. ಭಟ್ಕಳ, ಹೊನ್ನಾವರ, ಕುಮಟೆಗಳ ಹುಡುಗರಿಗೆ ಅಂದಿನಿಂದ ದೊಡ್ಡ ಊರು ಎಂದರೆ ಮುಂಬಯಿ, ದೊಡ್ಡ ಪರೀಕ್ಷೆ ಎಂದರೆ ಮುಂಬಯಿ ವಿದ್ಯಾಪೀಠದ ಮ್ಯಾಟ್ರಿಕ್. ಮ್ಯಾಟ್ರಿಕ್ ಆದ ಮೇಲೆ ಕಾಲೇಜು ಕರಾವಳಿಯಲ್ಲಿ ಇರಲಿಲ್ಲ. ಆಗಬೋಟು ಹತ್ತಿ ಮುಂಬಯಿಗೋ, ಅಲ್ಲಿಂದ ಪುಣೆಗೋ ಹೋಗಬೇಕು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದ ಬಳಿಕ ದೇವಿಮನೆ ಘಟ್ಟ ಹತ್ತಿ ಧಾರವಾಡಕ್ಕೆ ಹೋಗಬೇಕು.

ಆ ಘಟ್ಟದ ದಾರಿಯ ಬಗೆಗೆ ಒಂದು ಮಾತು ಹೇಳದೆ ಇರಲಾರೆ. ರೈಲು ಬರುವ ಮುಂಚೆ ಧಾರವಾಡ ಸೀಮೆಯ ಹತ್ತಿ ಎತ್ತುಗಳ ಬೆನ್ನ ಮೇಲೆ, ಆಮೇಲೆ ಗಾಡಿಗಳಲ್ಲಿ, ಇದೇ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ಅಮೇರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ಈ ಬಂದರಿಗೆ ಬಂದ ಭಾಗ್ಯ ಅಷ್ಟಿಷ್ಟಲ್ಲ. ಕುಮಟೆಯ ಉಸುಕಿನಲ್ಲಿ ಹತ್ತಿಯ ಒಂದು ಗಿಡವೂ ಬೆಳೆಯದಿದ್ದರೂ ವಿಲಾಯತಿಯ ಪೇಟೆಯಲ್ಲಿ ಅದರ ಹೆಸರು ‘ಕುಮಟಾ ಹತ್ತಿ’. ಮುಂದೆ ಮರ್ಮಗೋವೆಗೆ ರೈಲು ಹೋಯಿತು, ಹತ್ತಿ ಅತ್ತ ತಿರುಗಿತು, ಬಂದರು ಬಡವಾಯಿತು. ಬಳಿಕ ಅದೇ ದಾರಿಯಲ್ಲಿ ಹುಡುಗರು ಎದುರುಮುಖವಾಗಿ ಹೊರಟರು. ಧಾರವಾಡದಲ್ಲಿ ಬೆಳೆದ ಹತ್ತಿಗೆ ಕುಮಟೆಯ ಹೆಸರು. ಕುಮಟೆಯಲ್ಲಿ ಬೆಳೆದ ಹುಡುಗನಿಗೆ ಧಾರವಾಡದ ಹೆಸರು. ವ್ಯವಹಾರ ಸರಿಹೋಯಿತೆಂದು ನಮ್ಮ ಚಿಕ್ಕಪ್ಪ ನಗುತ್ತಿದ್ದರು.

ಅವರು ಮ್ಯಾಟ್ರಿಕ್ ಆದದ್ದು 1934ರಲ್ಲಿ. ಧಾರವಾಡದಲ್ಲಿ ಎರಡು ವರುಷ ಓದಿ ಇಂಟರ್ ಮುಗಿಸುವಷ್ಟರಲ್ಲಿ ಅಜ್ಜನ ಕೈ ಬರಿದಾಯಿತು. ಬಿ.ಎ.ಗೆ ಇನ್ನೂ ಎರಡು ವರುಷ ಬಾಕಿ. ಅವರು ಮುಂಬಯಿಗೆ ಹೋಗಿ ಒಂದು ಪೇಢಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ನಿಂತರು. ಪರೇಳದ ಒಂದು ಚಾಳಿನಲ್ಲಿ ವಾಸ. ಐದು ವರುಷಗಳ ಮೇಲೆ, 1941ರಲ್ಲಿ, ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಅದೇ ಇಂಟರ್ ಕಾಗದವನ್ನು ಹಿಡಿದು ಅಲ್ಲಿಯ ಒಂದು ಕಾಲೇಜಿಗೆ ಹೋದರು. ಬಿ.ಎ.ಯ ಮೊದಲ ವರುಷಕ್ಕೆ ಹೆಸರು ಹಚ್ಚಿಕೊಂಡರು. 1943ರಲ್ಲಿ ಪದವೀಧರರಾದರು. ಮಧ್ಯದ ಐದು ವರುಷ ಎಲ್ಲಿದ್ದೆ ಎಂದು ಯಾರೂ ಕೇಳಲಿಲ್ಲ. ಧಾರವಾಡದ ಎರಡು ವರುಷ, ಮುಂಬಯಿಯ ಎರಡು ವರುಷ, ಒಟ್ಟು ನಾಲ್ಕು. ಲೆಕ್ಕ ತಾಳೆಯಾಯಿತು.

ಇದರಲ್ಲಿ ಯಾರ ಔದಾರ್ಯವೂ ಇರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಧಾರವಾಡದ ಕಾಲೇಜೂ ಮುಂಬಯಿಯ ಕಾಲೇಜೂ ಒಂದೇ ವಿದ್ಯಾಪೀಠದ ಆಶ್ರಯದಲ್ಲಿದ್ದವು. ಪಠ್ಯ ಒಂದು, ಪರೀಕ್ಷೆ ಒಂದು. ಅಷ್ಟೇ ಕಾರಣ. ಭಟ್ಕಳದ ಹುಡುಗನ ಪಾಡು ಬೇರೆ. ಅವನು ಉತ್ತರಕ್ಕೆ ಹೊರಟರೆ ಶರಾವತಿಯನ್ನು ತಾರಿಯಲ್ಲಿ ದಾಟಬೇಕು. ದಕ್ಷಿಣಕ್ಕೆ ಹೊರಟರೆ ಶಿರೂರಿನಿಂದಾಚೆ ಮದ್ರಾಸ್ ಇಲಾಖೆ. ಮಂಗಳೂರಿನಲ್ಲಿ 1880ರಷ್ಟು ಹಿಂದೆಯೇ ಸಂತ ಅಲೋಶಿಯಸ್ ಕಾಲೇಜು ಇತ್ತು, ಸರಕಾರಿ ಕಾಲೇಜೂ ಇತ್ತು. ಮದ್ರಾಸಿನವರು ತಮ್ಮ ಕಾಲೇಜುಗಳನ್ನು ಮೊದಲ ದರ್ಜೆ, ಎರಡನೆಯ ದರ್ಜೆ ಎಂದು ವಿಂಗಡಿಸಿದ್ದರು. ಎರಡನೆಯ ದರ್ಜೆಯ ಕಾಲೇಜಿನಲ್ಲಿ ಎರಡೇ ವರುಷದ ಓದು. ಮುಂದಿನ ಎರಡು ವರುಷಕ್ಕೆ ಮೊದಲ ದರ್ಜೆಯ ಕಾಲೇಜಿಗೆ ಹೋಗಬೇಕು. ವ್ಯವಸ್ಥೆ ಅಚ್ಚುಕಟ್ಟಾದದ್ದೇ. ಆದರೆ ಒಂದು ವಿದ್ಯಾಪೀಠದಿಂದ ಇನ್ನೊಂದಕ್ಕೆ ಹಾಯಬೇಕಾದವನು ಅರ್ಹತಾಪತ್ರ, ವರ್ಗಾವಣೆಪತ್ರಗಳ ಬೆನ್ನು ಹತ್ತಬೇಕಾಗುತ್ತಿತ್ತು. ಹೊಳೆಯನ್ನು ತಾರಿಯವನು ದಾಟಿಸುತ್ತಿದ್ದ. ಈ ಗಡಿಯಲ್ಲಿ ತಾರಿಯವನು ಇರಲಿಲ್ಲ.

ಅತ್ತ ಅಮೇರಿಕದಲ್ಲಿ ಇದೇ ಯೋಚನೆ ಇನ್ನೊಂದು ಬಗೆಯಾಗಿ ಬೆಳೆಯಿತು. ಶಿಕಾಗೋ ವಿದ್ಯಾಪೀಠದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್ ಎಂಬವರು ನಾಲ್ಕು ವರುಷದ ಪದವಿಯನ್ನು ನಡುವೆ ಕತ್ತರಿಸಿ, ಮೊದಲರ್ಧವನ್ನು ಕಿರಿಯ ಕಾಲೇಜೆಂದೂ ಉಳಿದರ್ಧವನ್ನು ಹಿರಿಯ ಕಾಲೇಜೆಂದೂ ಕರೆದರು. ಅವರ ಪ್ರೇರಣೆಯಿಂದ 1901ರಲ್ಲಿ ಹತ್ತಿರದ ಜೋಲಿಯೆಟ್ ಎಂಬ ಊರಿನಲ್ಲಿ, ಅಲ್ಲಿಯ ಹೈಸ್ಕೂಲಿನಲ್ಲಿಯೇ, ಆರು ಮಂದಿ ವಿದ್ಯಾರ್ಥಿಗಳೊಡನೆ ಒಂದು ಕಿರಿಯ ಕಾಲೇಜು ಶುರುವಾಯಿತು. ಇಂದು ಅಲ್ಲಿ ಕಮ್ಯುನಿಟಿ ಕಾಲೇಜೆಂದು ಕರೆಯುವ ಸಂಸ್ಥೆಗಳ ಹಿರಿಯಣ್ಣ ಅದು. ಬಡವರ ಮಕ್ಕಳು ಊರಿನಲ್ಲಿಯೇ ಎರಡು ವರುಷ ಓದಿ, ಆ ಲೆಕ್ಕವನ್ನು ಹೊತ್ತುಕೊಂಡು ದೊಡ್ಡ ವಿದ್ಯಾಪೀಠಕ್ಕೆ ಹೋಗುತ್ತಾರೆ. ಸಮಾಜಕಾರ್ಯದ ಪದವಿಗೂ ಹಾಗೆಯೇ ಹೋಗುವವರಿದ್ದಾರೆ. ಅಲ್ಲಿಯೂ ಎಲ್ಲವೂ ಸಲೀಸಲ್ಲ. ಸಮಾಜಕಾರ್ಯದ ಪದವಿಗೆ ಕನಿಷ್ಠ 400 ಗಂಟೆ ಕ್ಷೇತ್ರಕಾರ್ಯ ಮಾಡಬೇಕೆಂದು ನಿಯಮ. ಹಿಂದೆ ಎಷ್ಟು ವರುಷ ಕೇರಿಗಳಲ್ಲಿ ದುಡಿದಿದ್ದರೂ ಆ ಅನುಭವಕ್ಕೆ ಪಾಠದ ಲೆಕ್ಕ ಕೊಡಕೂಡದೆಂದೂ ನಿಯಮವಿದೆ. ಓದಿದ್ದು ಹಾಯುತ್ತದೆ, ದುಡಿದದ್ದು ಹಾಯುವುದಿಲ್ಲ. ಇದು ಸರಿಯೋ ಎಂದು ನನಗೆ ಸಂಶಯ. ಆದರೂ ಓದಿದ್ದಾದರೂ ಹಾಯುತ್ತದಲ್ಲ!

ಸಮಾಜಕಾರ್ಯವೆಂಬುದು ನಮ್ಮಲ್ಲಿ ಕಾಲೇಜಿನ ವಿಷಯವಾದದ್ದೇ ತಡವಾಗಿ. ಚಿಕ್ಕಪ್ಪ ಇಂಟರ್ ಮುಗಿಸಿದ 1936ರಲ್ಲಿಯೇ ಮುಂಬಯಿಯಲ್ಲಿ ಸರ್ ದೊರಾಬ್‌ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಶಿಯಲ್ ವರ್ಕ್ ತೆರೆಯಿತು. ನಾಗಪಾಡಾದ ಬಡ ಕೇರಿಯಲ್ಲಿ ಸೇವಾಕೇಂದ್ರ ನಡೆಸುತ್ತಿದ್ದ ಕ್ಲಿಫರ್ಡ್ ಮ್ಯಾನ್ಶರ್ಡ್ ಅದರ ಮೊದಲ ನಿರ್ದೇಶಕರು. 1944ರಿಂದ ಅದು ಟಾಟಾ ಸಮಾಜವಿಜ್ಞಾನ ಸಂಸ್ಥೆ. ಹೆಸರಿನಲ್ಲಿಯೇ ‘ಗ್ರಾಜುಯೇಟ್’ ಎಂದಿದ್ದುದನ್ನು ನೋಡಿ; ಮೊದಲು ಪದವಿ, ಆಮೇಲೆ ಸಮಾಜಕಾರ್ಯ. ನಮ್ಮ ಕರಾವಳಿಯ ಸಾಧಾರಣ ಮನೆಯ ಹುಡುಗನಿಗೆ ಅದು ಎರಡು ಘಟ್ಟಗಳಾಚೆಯ ಊರು. ಚಿಕ್ಕಪ್ಪ ಪೇಢಿಯ ಕೆಲಸ ಮುಗಿಸಿ ಚಾಳಿನ ಗಿರಣಿ ಕೆಲಸಗಾರರಿಗೆ ರಾತ್ರಿ ಅಕ್ಷರ ಕಲಿಸುತ್ತಿದ್ದರು. ಅದನ್ನು ಯಾವ ವಿದ್ಯಾಪೀಠವೂ ಬರೆದಿಟ್ಟುಕೊಳ್ಳಲಿಲ್ಲ. ಬರೆದಿಟ್ಟುಕೊಳ್ಳಬೇಕೆಂದು ಅವರಿಗೂ ತೋರಿರಲಿಲ್ಲ.

ಕಾಲೇಜಿನ ಹೊರಗೆ ಮಾತ್ರ ಒಂದು ಪಾಠಶಾಲೆ ಇತ್ತು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜಕ್ಕೆ ಸೇರಿದವನು ಐದು ವರುಷ ತರಬೇತಿ ಪಡೆಯಬೇಕು. ಮೂರು ವರುಷ ಸಮಾಜದ ಮನೆಯಲ್ಲಿ ಅಭ್ಯಾಸ, ಎರಡು ವರುಷ ದೇಶಸಂಚಾರ. ಇದಕ್ಕಿಂತ ಬಿಗಿಯಾದ ಬಿ.ಎಸ್.ಡಬ್ಲ್ಯು. ಇಂದಿಗೂ ಎಲ್ಲಿದೆ? ನಮ್ಮ ಜಿಲ್ಲೆಯ ಅಂಕೋಲೆಯ ದಿನಕರ ದೇಸಾಯಿಯವರು ಮೈಸೂರಿನಲ್ಲಿ ಬಿ.ಎ., ಮುಂಬಯಿಯಲ್ಲಿ ಎಂ.ಎ. ಓದಿ ಈ ಸಮಾಜವನ್ನು ಸೇರಿದರು. ಜನ ಅವರನ್ನು ಚುಟುಕಗಳ ಕವಿಯೆಂದು ನೆನೆಯುತ್ತಾರೆ. ಮುಂಬಯಿಯ ಹಡಗುಕೆಲಸಗಾರರ ನಡುವೆ, ಆಮೇಲೆ ಉತ್ತರ ಕನ್ನಡದ ಗೇಣಿ ರೈತರ ನಡುವೆ ಅವರು ದುಡಿದದ್ದನ್ನು ನೆನೆಯುವವರು ಕಡಿಮೆಯಾಗಿದ್ದಾರೆ. 1953ರಲ್ಲಿ ಅವರು ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿ ಶಿರಾಲಿ, ಮುರ್ಡೇಶ್ವರಗಳಂಥ ಊರುಗಳಿಗೂ ಹೈಸ್ಕೂಲು ಬರುವಂತೆ ಮಾಡಿದರು. ರೈತರ ಗೇಣಿಯ ಜಗಳದಿಂದ ಹೊರಟವರು ರೈತನ ಮಗನ ಮ್ಯಾಟ್ರಿಕ್ಕಿಗೆ ಬಂದು ಮುಟ್ಟಿದ್ದು ನನಗೆ ಬಹಳ ಅರ್ಥವುಳ್ಳದ್ದಾಗಿ ಕಾಣುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಕಾಲೇಜುಗಳು ತಾವಾಗಿಯೇ ಘಟ್ಟ ಇಳಿದುವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಮುಂಬಯಿಯಲ್ಲಿ ಹುಟ್ಟಿ ಧಾರವಾಡಕ್ಕೆ ಬಂತು. ಅದೇ ವರುಷ ಕುಮಟೆಯಲ್ಲಿ ಕಾಲೇಜು ತೆರೆಯಿತು. ಮುಂಬಯಿಯ ಹೆಸರಾಂತ ಶಸ್ತ್ರವೈದ್ಯ ಡಾ. ಎ. ವಿ. ಬಾಳಿಗರ ಹೆಸರು ಅದಕ್ಕೆ ಇಂದಿಗೂ ಇದೆ. 1960ರ ದಶಕದಲ್ಲಿ ಹೊನ್ನಾವರಕ್ಕೂ ಕಾಲೇಜು ಬಂತು. ಭಟ್ಕಳದಲ್ಲಿ 1919ರಿಂದ ಶಾಲೆಗಳನ್ನು ಕಟ್ಟುತ್ತ ಬಂದಿದ್ದ ಅಂಜುಮನ್ ಸಂಸ್ಥೆಯೂ ಕಾಲೇಜು ತೆರೆಯಿತು. ನಾನು 1967ರಲ್ಲಿ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಕುಮಟೆಗೆ ಹೋಗಿ ಸಂಜೆ ಮನೆಗೆ ಮರಳುತ್ತಿದ್ದೆ. ಚಿಕ್ಕಪ್ಪನಿಗೆ ಅದು ಸ್ವರ್ಗದಂತೆ ಕಾಣುತ್ತಿತ್ತು.

ಆದರೆ ಅಷ್ಟರಲ್ಲಿ ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆದುಹೋಗಿತ್ತು. ರಾಧಾಕೃಷ್ಣನ್ ಆಯೋಗದ ಬಳಿಕ, 1950ರ ದಶಕದ ಕೊನೆಯ ಹೊತ್ತಿಗೆ, ಇಂಟರ್ ಎಂಬ ಮಜಲು ಹೋಯಿತು. ಅದರ ಸ್ಥಳದಲ್ಲಿ ಒಂದು ವರುಷದ ಪಿ.ಯು.ಸಿ., ಆಮೇಲೆ ಎರಡು ವರುಷದ ಪಿ.ಯು.ಸಿ. ಬಂತು. ಇಂಟರ್ ಓದಿದವನು ಪದವಿಯ ಅರ್ಧ ದಾರಿ ನಡೆದವನು. ಪಿ.ಯು.ಸಿ. ಓದಿದವನು ಪದವಿಯ ಹೊಸ್ತಿಲಿನಲ್ಲಿ ನಿಂತವನು, ಒಳಗೆ ಇನ್ನೂ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ನಡುವೆ ನಿಂತು ಉಸಿರಾಡಿ, ಐದು ವರುಷದ ಮೇಲೆ ಮುಂದುವರಿಯಲು ಬರುತ್ತಿದ್ದ ಜಗುಲಿ ಇಲ್ಲವಾಯಿತು. ನಡುವೆ ಬಿಟ್ಟವನಿಗೆ ‘ಬಿ.ಎ. ಫೇಲ್’ ಎಂಬ ಬಿರುದು ಮಾತ್ರ ಉಳಿಯಿತು.

ಸಮಾಜಕಾರ್ಯದ ಶಿಕ್ಷಣ ಈ ನಡುವೆ ನಮ್ಮ ಹತ್ತಿರಕ್ಕೆ ಬಂದಿತ್ತೆಂಬುದು ನಿಜ. ಮಂಗಳೂರಿನಲ್ಲಿ 1960ರಲ್ಲಿ ರೋಶನಿ ನಿಲಯ ಹುಟ್ಟಿತು. ಕ್ರಮೇಣ ಪದವಿಯ ಮಟ್ಟದಲ್ಲಿಯೂ ಸಮಾಜಕಾರ್ಯವನ್ನು ಓದುವ ಅನುಕೂಲ ರಾಜ್ಯದಲ್ಲಿ ಹಬ್ಬಿತು. ಇತ್ತ ಅಮೇರಿಕದ ಮಾದರಿಯ ಕಾಲೇಜು 1995ರಲ್ಲಿ ಪಾಂಡಿಚೇರಿಗೂ 1996ರಲ್ಲಿ ಮದ್ರಾಸಿಗೂ ಬಂತು. ವಿಶ್ವವಿದ್ಯಾಲಯ ಅನುದಾನ ಆಯೋಗವು ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯಲ್ಲಿ ಸಮುದಾಯ ಕಾಲೇಜುಗಳ ಯೋಜನೆಯನ್ನೇ ಹಾಕಿತು. ಕೈಕೆಲಸ ಕಲಿತವನು ಅಲ್ಲಿಗೇ ನಿಲ್ಲದೆ ಮೇಲಕ್ಕೂ ಹೋಗಬಹುದು ಎಂಬುದು ಅದರ ಆಶಯ. ಅದಕ್ಕಾಗಿ ಬಿ.ವೊಕ್. ಎಂಬ ಬೇರೆಯೇ ಪದವಿಯನ್ನು ಮಾಡಿದರು. ಏಣಿ ಇಟ್ಟರು, ಆದರೆ ಇನ್ನೊಂದು ಗೋಡೆಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದು ವರುಷಕ್ಕೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ ಎಂದಿತು. ಓದಿದ್ದನ್ನು ಹಣದಂತೆ ಜಮಾ ಇಡುವ ಬ್ಯಾಂಕು 2021ರಲ್ಲಿ ಆಯಿತು. ಚಿಕ್ಕಪ್ಪನ ಇಂಟರ್ ಹೊಸ ಅಂಗಿ ತೊಟ್ಟು ಮರಳಿ ಬಂತೆಂದು ನಾನು ಹಿಗ್ಗಿದೆ. ಕರ್ನಾಟಕ 2021–22ರಲ್ಲಿ ಎಲ್ಲರಿಗಿಂತ ಮೊದಲು ಅದನ್ನು ಒಪ್ಪಿತು, 2024–25ರಲ್ಲಿ ಮೂರು ವರುಷದ ಹಳೆಯ ಪದವಿಗೆ ಹಿಂದಿರುಗಿತು. ಎರಡಕ್ಕೂ ಅವರವರ ಕಾರಣಗಳಿದ್ದವು, ಆ ವಾದಕ್ಕೆ ನಾನು ಇಳಿಯುವುದಿಲ್ಲ. ಬಂದರಿನ ಕೇರಿಯ ಹುಡುಗಿ ಕಲಿತದ್ದು ಈ ಏರಿಳಿತಗಳ ನಡುವೆ. ಅವಳ ಕಾಗದ ಒಂದು ಯೋಜನೆಯದು, ಅವಳು ಸೇರಬಯಸಿದ ಪದವಿ ಇನ್ನೊಂದರದು.

ನಾನು ಅವಳಿಗಾಗಿ ಎರಡು ಅರ್ಜಿ ಬರೆದುಕೊಟ್ಟೆ. ಒಂದಕ್ಕೆ ಉತ್ತರ ಬಂತು: ನಿಯಮದಲ್ಲಿ ಅವಕಾಶವಿಲ್ಲ. ಇನ್ನೊಂದಕ್ಕೆ ಬರಲಿಲ್ಲ. ಜುಲೈ ಕೊನೆಗೆ ಅವಳ ತಾಯಿ ಕೈಬಳೆ ಅಡವಿಟ್ಟು ಮೊದಲನೆಯ ವರುಷದ ಫೀ ಕಟ್ಟಿದಳು.

ದೀಪಾವಳಿಯ ರಜೆಯಲ್ಲಿ ಹುಡುಗಿ ಮತ್ತೆ ಬಂದಿದ್ದಳು. ಕ್ಷೇತ್ರಕಾರ್ಯವನ್ನು ತಮ್ಮ ತಮ್ಮ ಊರಿನಲ್ಲಿಯೇ ಮಾಡಿಕೊಂಡು ಬನ್ನಿರೆಂದು ಕಾಲೇಜಿನವರು ಹೇಳಿದ್ದರಂತೆ. ಅವಳ ಪಾಲಿಗೆ ಬಂದದ್ದು, ಡಿಪ್ಲೊಮಾ ಓದುವಾಗ ಅವಳು ಮಕ್ಕಳ ತೂಕ ಬರೆದುಕೊಂಡಿದ್ದ ಅದೇ ಅಂಗನವಾಡಿ. ಅಲ್ಲಿಯ ಅಕ್ಕೋರು ಅವಳನ್ನು ಕಂಡವರೇ, “ಬಂದ್ಯಾ? ತಕ್ಕೊ, ನಿನ್ನ ಹಳೇ ವಹಿ ಇಲ್ಲೇ ಉಂಟು” ಎಂದು ಕಪಾಟಿನಿಂದ ತೆಗೆದುಕೊಟ್ಟರಂತೆ. ಅದರಲ್ಲಿ ಇನ್ನೂ ಹದಿನೇಳು ಖಾಲಿ ಪುಟಗಳಿದ್ದವು. ಹುಡುಗಿ ಅಲ್ಲಿಂದಲೇ ಬರೆಯತೊಡಗಿದ್ದಾಳೆ.