ಮಕ್ಕಳು ಮರಳಿ ತರಿಸಿದ ಮಾಂತ್ರಿಕ

ಹಳೆಯ ‘ಚಂದಮಾಮ’ ಓದಿದ ಹಿರಿಯರು ಮನೆಯಲ್ಲಿದ್ದರೆ ಕೇಳಿ ನೋಡಿ. ಬೇತಾಳ ಯಾರಿಗೂ ಮರೆತಿರುವುದಿಲ್ಲ. ಆದರೆ ತಿಂಗಳು ತಿಂಗಳು ಕಾಯಿಸುತ್ತಿದ್ದದ್ದು ಧಾರಾವಾಹಿ: ಮಾಂತ್ರಿಕರು, ರಾಕ್ಷಸರು, ಪಾಳುಕೋಟೆಗಳು, ಜೊತೆಗೆ ‘ಚಿತ್ರಾ’ ಅವರ ಚಿತ್ರಗಳು. ಬರೆದವರ ಹೆಸರು ಮಾತ್ರ ಇರುತ್ತಿರಲಿಲ್ಲ.

ಬರೆದವರು ದಾಸರಿ ಸುಬ್ರಹ್ಮಣ್ಯಂ, ಮದರಾಸಿನಲ್ಲಿ ಆ ಪತ್ರಿಕೆಯ ಕಚೇರಿಯಲ್ಲೇ ಕೆಲಸಕ್ಕಿದ್ದ ತೆಲುಗಿನವರು. 1954ರಲ್ಲಿ ಅವರ ಮೊದಲ ಧಾರಾವಾಹಿ ‘ತೋಕಚುಕ್ಕ’, ಅಂದರೆ ಧೂಮಕೇತು, ಶುರುವಾಯಿತು. ಆಗ ನಮ್ಮ ಹುನ್ನೂರ ಇನ್ನೂ ಮುಂಬೈ ರಾಜ್ಯದಲ್ಲಿತ್ತು. ಒಂದು ಮುಗಿದರೆ ಇನ್ನೊಂದು, ಹೀಗೆ ಒಟ್ಟು ಹನ್ನೆರಡು ಬರೆದರು. ಅವೇ ಕನ್ನಡಕ್ಕೂ ಬರುತ್ತಿದ್ದವು.

ಪತ್ರಿಕೆ ಕಟ್ಟಿದ ಚಕ್ರಪಾಣಿಯವರಿಗೆ ಈ ಮಾಯ-ಮಂತ್ರ ಅಷ್ಟು ಹಿಡಿಸಲಿಲ್ಲ. ನಡುವೆ ಅದನ್ನು ನಿಲ್ಲಿಸಿ ಬಂಕಿಮಚಂದ್ರರ ‘ದುರ್ಗೇಶನಂದಿನಿ’ ಹಾಕಿಸಿದರು. ದೊಡ್ಡ ಲೇಖಕರ ಹೆಸರಾಂತ ಕಾದಂಬರಿಯೇ, ಇಲ್ಲವೆನ್ನಲಾಗದು. ಆದರೆ ತಿಂಗಳಿಡೀ ಕಾದ ಮಕ್ಕಳಿಗೆ ಬೇಕಾಗಿದ್ದದ್ದು ಅದಲ್ಲ. ಮಾರಾಟ ಇಳಿಯಿತು. ಯಾರ ಕಥೆ ಎಂದು ಗೊತ್ತಿಲ್ಲದೆಯೇ ಓದುಗರು ‘ಅದೇ ಬೇಕು’ ಎಂದು ಹಟ ಹಿಡಿದ ಹಾಗಾಯಿತು. ನನಗಂತೂ ಈ ಹಟ ಬಲು ಇಷ್ಟ.

ದಾಸರಿಯವರಿಗೇ ಮತ್ತೆ ಬರೆಯಲು ಹೇಳಬೇಕಾಯಿತು. ‘ಭಲ್ಲೂಕ ಮಾಂತ್ರಿಕ’ನವರೆಗೆ ಬರೆದರು. ಹೆಸರು ಆಗಲೂ ಅಚ್ಚಾಗಲಿಲ್ಲ.