ಎಚ್‌ಎಎಲ್ ಏರೋಸ್ಪೇಸ್ ಮ್ಯೂಸಿಯಂ, ಬೆಂಗಳೂರು: ಸಂದರ್ಶಕರಿಗೆ ಮಾಹಿತಿ

ಪೀಠಿಕೆ

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ, ಮಾರತ್ತಹಳ್ಳಿಯ ಕಡೆಗೆ ಸಾಗುವ ಮಾರ್ಗದಲ್ಲಿ, ಎಚ್‌ಎಎಲ್ ಹೆರಿಟೇಜ್ ಸೆಂಟರ್ ಮತ್ತು ಏರೋಸ್ಪೇಸ್ ಮ್ಯೂಸಿಯಂ ಇದೆ. ಇದನ್ನು 2001ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಸಂಸ್ಥೆಯು ಸ್ಥಾಪಿಸಿತು. ದೇಶದಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ, ವಿಮಾನ ನಿರ್ಮಾಣವು ಬೆಳೆದುಬಂದ ಬಗೆಯನ್ನು ಇಲ್ಲಿ ಛಾಯಾಚಿತ್ರಗಳು, ಎಂಜಿನ್‌ಗಳು ಹಾಗೂ ನೈಜ ವಿಮಾನಗಳ ಮೂಲಕ ತೋರಿಸಲಾಗಿದೆ.

ಸಂದರ್ಶಕರಲ್ಲಿ ಹೆಚ್ಚಿನವರು ವಿಮಾನಗಳ ಮುಂದೆ ನಿಂತು ಛಾಯಾಚಿತ್ರ ತೆಗೆದುಕೊಂಡು ಮುಂದೆ ಸಾಗುವುದು ವಾಡಿಕೆ. ಆದರೆ ಈ ವಿಮಾನಗಳು ಒಂದಕ್ಕೊಂದು ಸಂಬಂಧವುಳ್ಳವು. ಒಂದರ ಕೊರತೆ ಮತ್ತೊಂದರಲ್ಲಿ ಸರಿಹೋಗಿದೆ, ಒಂದಕ್ಕೆ ದೊರೆತ ಎಂಜಿನ್ ಮತ್ತೊಂದರ ಮಿತಿಯಾಗಿದೆ. ಈ ಸಂಬಂಧವನ್ನು ಅರಿತು ನೋಡಿದಲ್ಲಿ ಭೇಟಿಯು ಹೆಚ್ಚು ಫಲಪ್ರದವಾಗುವುದರಿಂದ ಈ ಕೆಳಕಂಡ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ನೀಡಲಾಗಿದೆ.

ಸ್ಥಳದ ಹಿನ್ನೆಲೆ

1940ರ ಡಿಸೆಂಬರ್ 23ರಂದು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸರ್ಕಾರದ ಸಹಯೋಗದೊಂದಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ಅವರು ಮೈಸೂರಿನ ದಿವಾನರಾಗಿದ್ದರು. ಸಂಸ್ಥಾನವು ಕಾರ್ಖಾನೆಗೆ ಭೂಮಿಯನ್ನೂ ಬಂಡವಾಳದಲ್ಲಿ ಪಾಲನ್ನೂ ನೀಡಿತು. 1941ರಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು. ಅದೇ ವರ್ಷ ಹಾರ್ಲೋ ತರಬೇತಿ ವಿಮಾನವನ್ನು ಇಲ್ಲಿ ಜೋಡಿಸಿ ಹಾರಿಸಲಾಯಿತು.

ಎರಡನೆಯ ಮಹಾಯುದ್ಧದ ಅವಧಿಯಲ್ಲಿ, 1943ರಿಂದ, ಕಾರ್ಖಾನೆಯ ಆಡಳಿತವು ಅಮೆರಿಕದ ಸೇನಾ ವಾಯುಪಡೆಯ ವಶದಲ್ಲಿತ್ತು. ಆಗ ಇದು ಯುದ್ಧ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಗಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ದುರಸ್ತಿಗಾಗಿ ಸಮೀಪದ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಯುದ್ಧ ಮುಗಿದ ಮೇಲೆ ದುರಸ್ತಿ ಕಾರ್ಯ ಕಡಿಮೆಯಾಯಿತು. ಕಾರ್ಮಿಕರ ಕೈಗೆ ಕೆಲಸ ಒದಗಿಸಲು ರೈಲ್ವೆ ಬೋಗಿಗಳನ್ನೂ ಬಸ್ಸುಗಳ ಕವಚಗಳನ್ನೂ ನಿರ್ಮಿಸಲಾಯಿತು. 1964ರಲ್ಲಿ ಬೋಗಿ ನಿರ್ಮಾಣವು ಹೊಸದಾಗಿ ಸ್ಥಾಪಿತವಾದ ಬಿಇಎಂಎಲ್ ಸಂಸ್ಥೆಗೆ ವರ್ಗಾವಣೆಯಾಯಿತು. ಅದೇ ವರ್ಷ ಅಕ್ಟೋಬರ್ 1ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಮತ್ತು ಏರೋನಾಟಿಕ್ಸ್ ಇಂಡಿಯಾ ಸಂಸ್ಥೆಗಳು ವಿಲೀನಗೊಂಡು ಈಗಿನ ಎಚ್‌ಎಎಲ್ ರೂಪುಗೊಂಡಿತು.

ಕಾರ್ಖಾನೆಯ ಪಕ್ಕದ ವಿಮಾನ ನಿಲ್ದಾಣವು 2008ರ ಮೇ ತಿಂಗಳವರೆಗೆ ನಗರದ ಪ್ರಯಾಣಿಕರಿಗೂ ಸೇವೆ ಒದಗಿಸುತ್ತಿತ್ತು. ದೇವನಹಳ್ಳಿಯ ನಿಲ್ದಾಣ ಆರಂಭವಾದ ಬಳಿಕ ನಿಗದಿತ ಪ್ರಯಾಣಿಕ ವಿಮಾನಗಳ ಸಂಚಾರವು ಅಲ್ಲಿಗೆ ವರ್ಗಾವಣೆಗೊಂಡಿತು. ಪರೀಕ್ಷಾ ಹಾರಾಟಗಳು ಇಂದಿಗೂ ಇಲ್ಲಿಂದ ನಡೆಯುತ್ತವೆ.

ವೀಕ್ಷಣೆಯ ಕ್ರಮ

ಒಳಾಂಗಣದಲ್ಲಿ ಎರಡು ಪ್ರಮುಖ ಸಭಾಂಗಣಗಳಿವೆ. ಒಂದರಲ್ಲಿ 1940ರಿಂದ ದಶಕವಾರು ಬೆಳವಣಿಗೆಯನ್ನು ತೋರಿಸುವ ಛಾಯಾಚಿತ್ರಗಳಿವೆ. ಮತ್ತೊಂದರಲ್ಲಿ ವಿಮಾನದ ಎಂಜಿನ್‌ಗಳನ್ನು, ಒಳಭಾಗ ಕಾಣುವಂತೆ ಸೀಳಿ ತೆರೆದ ಮಾದರಿಗಳೂ ಸೇರಿದಂತೆ, ಪ್ರದರ್ಶಿಸಲಾಗಿದೆ. ವಿಮಾನಗಳು ಹೊರಾಂಗಣದಲ್ಲಿವೆ. ಮಕ್ಕಳು ಮೊದಲು ಹೊರಾಂಗಣಕ್ಕೆ ಧಾವಿಸುವುದು ಸಹಜವಾದರೂ, ಎಂಜಿನ್ ಸಭಾಂಗಣವನ್ನು ಮೊದಲು ನೋಡುವುದು ಸೂಕ್ತ.

ಜೆಟ್ ಎಂಜಿನ್ನಿನ ಕಾರ್ಯವನ್ನು ಮೂರು ಹಂತಗಳಲ್ಲಿ ತಿಳಿಯಬಹುದು. ಮುಂಭಾಗದಲ್ಲಿರುವ ಸಾಲು ಸಾಲು ಅಲಗುಗಳು ಗಾಳಿಯನ್ನು ಒಳಗೆಳೆದು ಒತ್ತುತ್ತವೆ. ಇದು ಕಂಪ್ರೆಸರ್. ನಡುವಣ ಕೋಷ್ಠದಲ್ಲಿ ಒತ್ತಲ್ಪಟ್ಟ ಗಾಳಿಯೊಂದಿಗೆ ಇಂಧನವು ಉರಿಯುತ್ತದೆ. ಬಿಸಿ ಅನಿಲವು ಹಿಂದಕ್ಕೆ ನುಗ್ಗುವಾಗ ಟರ್ಬೈನ್ ಎಂಬ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರವೇ ಮುಂದಿನ ಕಂಪ್ರೆಸರನ್ನು ತಿರುಗಿಸುತ್ತದೆ. ಉಳಿದ ಅನಿಲದ ರಭಸವು ವಿಮಾನವನ್ನು ಮುಂದಕ್ಕೆ ನೂಕುತ್ತದೆ.

ಇಲ್ಲಿ ಓರ್ಫಿಯಸ್ ಎಂಬ ಎಂಜಿನ್ನನ್ನು ವಿಶೇಷವಾಗಿ ಗಮನಿಸಬೇಕು. ಇದು ಬ್ರಿಟನ್ನಿನ ಬ್ರಿಸ್ಟಲ್ ಸಂಸ್ಥೆಯ ವಿನ್ಯಾಸ. ಇದರ ಕಂಪ್ರೆಸರಿನಲ್ಲಿ ಏಳು ಹಂತಗಳಿದ್ದು, ಟರ್ಬೈನ್ ಒಂದೇ ಹಂತದ್ದು. ಪರವಾನಗಿ ಪಡೆದು ಬೆಂಗಳೂರಿನಲ್ಲಿಯೇ ಇದನ್ನು ತಯಾರಿಸಲಾಯಿತು. ಹೊರಾಂಗಣದ ಅಜೀತ್ ಮತ್ತು ಮಾರುತ ವಿಮಾನಗಳೆರಡರ ಒಳಗೂ ಇದ್ದುದು ಈ ವರ್ಗದ ಎಂಜಿನ್. ಮಾರುತದ ಕಥೆ ಅರ್ಥವಾಗಲು ಈ ಎಂಜಿನ್ನಿನ ಗಾತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಗೆ ಬರುವುದು ಒಳಿತು.

ಪ್ರಮುಖ ವಿಮಾನಗಳು

1. ಎಚ್‌ಟಿ-2

ಸ್ವತಂತ್ರ ಭಾರತದಲ್ಲಿ ವಿನ್ಯಾಸಗೊಂಡು ಸೇವೆಗೆ ಸೇರಿದ ಮೊದಲ ತರಬೇತಿ ವಿಮಾನವಿದು. ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಸಿದ್ಧವಾದ ಈ ವಿಮಾನವು 1951ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಹಾರಿತು. ಮುಂದೆ ಪ್ರೊಪೆಲ್ಲರ್, ಒಂದರ ಹಿಂದೊಂದು ಎರಡು ಆಸನಗಳು, ಬಾಲದ ಕೆಳಗೆ ಪುಟ್ಟ ಗಾಲಿ, ಪೂರ್ಣ ಲೋಹದ ದೇಹ ಇದರ ಲಕ್ಷಣಗಳು. ಬಾಲವು ನೆಲಕ್ಕೆ ತಗ್ಗಿ ಮೂತಿ ಮೇಲಕ್ಕೆ ಎದ್ದಿರುವುದರಿಂದ ನೆಲದ ಮೇಲೆ ಓಡುವಾಗ ಚಾಲಕನಿಗೆ ಮುಂದಿನ ದಾರಿ ಸರಿಯಾಗಿ ಕಾಣುವುದಿಲ್ಲ. ಹಲವು ದಶಕಗಳ ಕಾಲ ವಾಯುಪಡೆಯ ಚಾಲಕರು ಹಾರಾಟದ ಅಕ್ಷರಾಭ್ಯಾಸ ಮಾಡಿದ್ದು ಇಂತಹ ವಿಮಾನದಲ್ಲಿ. ಘಾನಾ ದೇಶದ ವಾಯುಪಡೆಗೂ 12 ವಿಮಾನಗಳನ್ನು ಒದಗಿಸಲಾಗಿತ್ತು.

2. ಕಿರಣ್

1964ರ ಸೆಪ್ಟೆಂಬರ್ 4ರಂದು ಮೊದಲ ಹಾರಾಟ ನಡೆಸಿದ ಜೆಟ್ ತರಬೇತಿ ವಿಮಾನ. ಎಚ್‌ಟಿ-2 ವಿಮಾನದಲ್ಲಿ ಗುರು ಮತ್ತು ಶಿಷ್ಯ ಹಿಂದೆ ಮುಂದೆ ಕುಳಿತರೆ, ಇದರಲ್ಲಿ ಅಕ್ಕಪಕ್ಕ ಕುಳಿತುಕೊಳ್ಳುತ್ತಾರೆ. ಶಿಷ್ಯನ ಕೈ ಎಲ್ಲಿ ತಡವರಿಸುತ್ತಿದೆ ಎಂಬುದು ಗುರುವಿಗೆ ಕಾಣಲೆಂಬುದೇ ಈ ವ್ಯವಸ್ಥೆಯ ಪ್ರಯೋಜನ. ಎರಡು ವಿಮಾನಗಳ ಆಸನಗಳನ್ನು ಹೋಲಿಸಿ ನೋಡಬಹುದು. 1996ರಲ್ಲಿ ರಚನೆಯಾದ ವಾಯುಪಡೆಯ ಸೂರ್ಯಕಿರಣ್ ತಂಡವು 2011ರವರೆಗೆ ಈ ವಿಮಾನದ ಎರಡನೆಯ ಮಾದರಿಯನ್ನು ಬಳಸಿ ವೈಮಾನಿಕ ಕಸರತ್ತು ಪ್ರದರ್ಶಿಸಿತು.

3. ಅಜೀತ್

ಬ್ರಿಟನ್ನಿನ ನ್ಯಾಟ್ ಎಂಬ ಪುಟ್ಟ ಯುದ್ಧ ವಿಮಾನವನ್ನು ಬೆಂಗಳೂರಿನಲ್ಲಿ ಪರವಾನಗಿಯ ಮೇಲೆ ನಿರ್ಮಿಸಲಾಗುತ್ತಿತ್ತು. 1965ರ ಯುದ್ಧದಲ್ಲಿ ಅದು ಹೆಸರು ಗಳಿಸಿತು. ಆದರೆ ದೂರ ಹಾರಲು ರೆಕ್ಕೆಯ ಕೆಳಗೆ ಇಂಧನದ ತೊಟ್ಟಿಗಳನ್ನು ತೂಗುಹಾಕಬೇಕಾಗಿದ್ದು, ಶಸ್ತ್ರಾಸ್ತ್ರಕ್ಕೆ ಸ್ಥಳ ಉಳಿಯುತ್ತಿರಲಿಲ್ಲ. ಬೆಂಗಳೂರಿನ ವಿನ್ಯಾಸಕಾರರು ರೆಕ್ಕೆಯ ಒಳಭಾಗವನ್ನೇ ಇಂಧನ ತೊಟ್ಟಿಯನ್ನಾಗಿ ಮಾರ್ಪಡಿಸಿದರು. ನಿಯಂತ್ರಣ ವ್ಯವಸ್ಥೆಯನ್ನೂ ಸುಧಾರಿಸಿದರು. ಹೀಗೆ ರೂಪುಗೊಂಡದ್ದೇ ಅಜೀತ್. ಇದು 1991ರಲ್ಲಿ ನಿವೃತ್ತಿ ಹೊಂದಿತು. ವಯಸ್ಕರು ಇದರ ಪಕ್ಕದಲ್ಲಿ ನಿಂತರೆ ಯುದ್ಧ ವಿಮಾನವು ಎಷ್ಟು ಚಿಕ್ಕದಿರಬಹುದು ಎಂಬುದು ತಿಳಿಯುತ್ತದೆ.

4. ಎಚ್‌ಎಫ್-24 ಮಾರುತ

ಸಂಗ್ರಹಾಲಯದಲ್ಲಿ ಹೆಚ್ಚು ಸಮಯ ಕಳೆಯಬೇಕಾದ ವಿಮಾನವಿದು. ಭಾರತದಲ್ಲಿ ವಿನ್ಯಾಸ ಮತ್ತು ನಿರ್ಮಾಣಗೊಂಡ ಮೊದಲ ಜೆಟ್ ಯುದ್ಧ ವಿಮಾನ. 1956ರಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರು ತಮ್ಮ ತಂಡದೊಂದಿಗೆ ಬೆಂಗಳೂರಿಗೆ ಬಂದು ಭಾರತೀಯ ಎಂಜಿನಿಯರುಗಳೊಡನೆ ಕಾರ್ಯ ಆರಂಭಿಸಿದರು. ಎಂಜಿನ್ ಅಳವಡಿಸುವ ಮುನ್ನ ಪೂರ್ಣ ಗಾತ್ರದ ಮರದ ಗ್ಲೈಡರ್ ನಿರ್ಮಿಸಿ, ಡಕೋಟಾ ವಿಮಾನದಿಂದ ಎಳೆಸಿಕೊಂಡು ಮೇಲಕ್ಕೊಯ್ದು, 1959ರಿಂದ ಪರೀಕ್ಷಿಸಲಾಯಿತು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ಮಾರುತವನ್ನು ಮೊದಲ ಬಾರಿಗೆ ಹಾರಿಸಿದರು.

ಚೂಪಾದ ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ, ನೀಳ ದೇಹ: ಇವನ್ನು ನೋಡಿದವರಿಗೆ ಈ ವಿಮಾನವು ಶಬ್ದಕ್ಕಿಂತ ಬಹಳ ವೇಗವಾಗಿ ಹಾರಲೆಂದೇ ರೂಪುಗೊಂಡದ್ದು ಎಂಬುದು ಸ್ಪಷ್ಟವಾಗುತ್ತದೆ. ವಾಸ್ತವದಲ್ಲಿ ಅದು ಶಬ್ದದ ವೇಗದ ಆಸುಪಾಸಿಗೆ ಸೀಮಿತವಾಯಿತು. ಕೊರತೆ ಇದ್ದುದು ಎಂಜಿನ್ನಿನಲ್ಲಿ. ವಿನ್ಯಾಸಕಾರರು ಲೆಕ್ಕ ಹಾಕಿದ್ದು ಓರ್ಫಿಯಸ್‌ನ ಹೆಚ್ಚು ಶಕ್ತಿಯ, ತಲಾ 3,000 ಕಿಲೋಗ್ರಾಂಗೂ ಮಿಗಿಲಾದ ನೂಕುಬಲದ ಮಾದರಿಯನ್ನು. ಬ್ರಿಟನ್ನಿನಲ್ಲಿ ಅದರ ಅಭಿವೃದ್ಧಿ ಕೈಬಿಡಲ್ಪಟ್ಟಿತು. ವೆಚ್ಚ ಭರಿಸಿ ಅದನ್ನು ಮುಂದುವರಿಸಲು ಭಾರತವೂ ಒಪ್ಪಲಿಲ್ಲ. ಈಜಿಪ್ಟ್ ದೇಶವು ರೂಪಿಸುತ್ತಿದ್ದ ಎಂಜಿನ್ನನ್ನು ಮಾರುತದಲ್ಲಿ ಅಳವಡಿಸಿ ಪರೀಕ್ಷಿಸಿದರೂ ಆ ಯೋಜನೆ 1969ರಲ್ಲಿ ನಿಂತುಹೋಯಿತು. ಕೊನೆಗೆ ಉಳಿದದ್ದು ಲಭ್ಯವಿದ್ದ ಓರ್ಫಿಯಸ್ 703, ತಲಾ ಸುಮಾರು 2,200 ಕಿಲೋಗ್ರಾಂ ನೂಕುಬಲದ ಎರಡು ಎಂಜಿನ್‌ಗಳು.

ಇಷ್ಟಾದರೂ 147 ಮಾರುತಗಳು ನಿರ್ಮಾಣಗೊಂಡವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿ ವಲಯದಲ್ಲಿ ಇವು ನೆಲದ ಗುರಿಗಳ ಮೇಲೆ ದಾಳಿ ನಡೆಸಿದವು. ಒಂದು ಎಂಜಿನ್ ಹಾನಿಗೊಂಡ ಬಳಿಕವೂ ಇನ್ನೊಂದರ ಬಲದಿಂದ ನೆಲೆಗೆ ಮರಳಿದ ನಿದರ್ಶನಗಳಿವೆ. 1990ರಲ್ಲಿ ಮಾರುತವು ಸೇವೆಯಿಂದ ನಿವೃತ್ತಿಗೊಂಡಿತು. ಉತ್ತಮ ದೇಹಕ್ಕೆ ತಕ್ಕ ಎಂಜಿನ್ ದೊರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಕಣ್ಣೆದುರಿನ ಸಾಕ್ಷಿ.

5. ಮಿಗ್-21

ಸೋವಿಯತ್ ವಿನ್ಯಾಸದ ಈ ವಿಮಾನವು 1963ರಲ್ಲಿ ವಾಯುಪಡೆಗೆ ಸೇರಿತು. ಎಚ್‌ಎಎಲ್ ಸಂಸ್ಥೆಯು ನಾಸಿಕ್‌ನಲ್ಲಿ ಆರುನೂರಕ್ಕೂ ಹೆಚ್ಚು ವಿಮಾನಗಳನ್ನು ನಿರ್ಮಿಸಿತು. ಆರು ದಶಕಗಳ ಸೇವೆಯ ನಂತರ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಇದಕ್ಕೆ ವಿದಾಯ ಹೇಳಲಾಯಿತು. ಮಿಗ್ ಗಾಳಿಯನ್ನು ಮೂತಿಯಿಂದಲೇ ಒಳಗೆಳೆದರೆ, ಮಾರುತವು ದೇಹದ ಎರಡು ಬದಿಗಳಿಂದ ಒಳಗೆಳೆಯುತ್ತದೆ. ಮಿಗ್‌ನ ರೆಕ್ಕೆ ತ್ರಿಕೋನಾಕಾರದ್ದು. ಮಾರುತಕ್ಕೆ ದಕ್ಕದ ವೇಗವನ್ನು, ಶಬ್ದದ ಎರಡು ಪಟ್ಟು ವೇಗವನ್ನು, ವಾಯುಪಡೆಗೆ ಒದಗಿಸಿದ್ದು ಈ ವಿಮಾನ.

6. ಇತರ ವಸ್ತುಗಳು

ಚಾಲಕನಿಲ್ಲದೆ ಹಾರಿ, ಗುರಿ ಅಭ್ಯಾಸಕ್ಕೆ ಒದಗಿ, ಪ್ಯಾರಾಚೂಟ್ ಮೂಲಕ ಮರಳಿ ಇಳಿಯುವ ಲಕ್ಷ್ಯ ವಿಮಾನವು ಇಲ್ಲಿದೆ. ಉಪಗ್ರಹವನ್ನು ಉಡಾವಣೆಯ ವೇಳೆ ರಕ್ಷಿಸುವ ಪಿಎಸ್‌ಎಲ್‌ವಿ ರಾಕೆಟ್ಟಿನ ಶಾಖ ಕವಚವೂ ಇದೆ.

ಪರೀಕ್ಷಾ ಚಾಲಕರ ನೆನಪು

ಹೊಸ ವಿಮಾನವನ್ನು ಮೊದಲು ಹಾರಿಸುವವರು ಪರೀಕ್ಷಾ ಚಾಲಕರು. ಮಾರುತವನ್ನು ಮೊದಲು ಹಾರಿಸಿದ ಸುರಂಜನ್ ದಾಸ್ ಅವರು, ಅದರ ನೂಕುಬಲ ಹೆಚ್ಚಿಸಲು ಸಿದ್ಧಪಡಿಸಿದ್ದ ಸುಧಾರಿತ ಮಾದರಿಯನ್ನು ಪರೀಕ್ಷಿಸುವಾಗ, 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಅಪಘಾತದಲ್ಲಿ ಮೃತಪಟ್ಟರು. ಎಂಜಿನ್ನಿನ ಕೊರತೆಯನ್ನು ನೀಗಿಸುವ ಯತ್ನದಲ್ಲಿಯೇ ಅವರು ಪ್ರಾಣ ತೆತ್ತರು. ಹಳೆಯ ವಿಮಾನ ನಿಲ್ದಾಣ ರಸ್ತೆಯನ್ನು ಹಳೆಯ ಮದ್ರಾಸು ರಸ್ತೆಯೊಂದಿಗೆ ಕೂಡಿಸುವ ರಸ್ತೆಗೆ ಅವರ ಹೆಸರಿಡಲಾಗಿದೆ. ಆ ರಸ್ತೆಯಲ್ಲಿ ನಿತ್ಯ ಸಂಚರಿಸುವವರು ಹೆಸರಿನ ಹಿನ್ನೆಲೆಯನ್ನು ತಿಳಿಯಲು ಮಾರುತದ ಮುಂದೆ ಒಂದು ಗಳಿಗೆ ನಿಲ್ಲುವುದು ಉಚಿತ.

ಸಂದರ್ಶಕರು ಗಮನಿಸಬೇಕಾದ ಅಂಶಗಳು

1. ಪ್ರವೇಶದ ವೇಳೆ, ವಾರದ ರಜೆ ಹಾಗೂ ಶುಲ್ಕವು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಹೊರಡುವ ಮುನ್ನ ಸಂಗ್ರಹಾಲಯದಿಂದ ಖಚಿತಪಡಿಸಿಕೊಳ್ಳತಕ್ಕದ್ದು.

2. ಶಾಲಾ ಕಾಲೇಜುಗಳು ಗುಂಪಾಗಿ ಬರುವಲ್ಲಿ, ವಿದ್ಯಾರ್ಥಿಗಳ ಸಂಖ್ಯೆ, ಭೇಟಿಯ ದಿನಾಂಕ ಮತ್ತು ಜೊತೆಗಿರುವ ಶಿಕ್ಷಕರ ವಿವರವನ್ನು ಒಳಗೊಂಡ ಮುಖ್ಯೋಪಾಧ್ಯಾಯರ ಪತ್ರವನ್ನು ಮುಂಚಿತವಾಗಿ ಸಲ್ಲಿಸುವುದು ಅನುಕೂಲಕರ.

3. ವಿಮಾನಗಳ ಮೇಲೆ ಹತ್ತುವುದು, ರೆಕ್ಕೆಗಳಿಗೆ ಜೋತುಬೀಳುವುದು, ಹೆಸರು ಕೆತ್ತುವುದು ಮಾಡಬಾರದು. ಬಿಸಿಲು ಮಳೆಗೆ ಒಡ್ಡಿಕೊಂಡಿರುವ ಲೋಹದ ಬಣ್ಣ ಕಿತ್ತರೆ ಆ ಭಾಗದಲ್ಲಿ ಸವೆತ ಆರಂಭವಾಗುತ್ತದೆ. ಉತ್ಪಾದನೆ ನಿಂತಿರುವ ವಿಮಾನಗಳ ಬಿಡಿಭಾಗಗಳು ಮತ್ತೆ ದೊರೆಯುವುದು ದುಸ್ತರ.

4. ಸುತ್ತಲಿನ ಪ್ರದೇಶವು ರಕ್ಷಣಾ ಉತ್ಪಾದನೆಗೆ ಸೇರಿದ್ದಾಗಿರುವುದರಿಂದ ಕಾರ್ಖಾನೆ ಮತ್ತು ರನ್‌ವೇ ಕಡೆಗೆ ಕ್ಯಾಮೆರಾ ತಿರುಗಿಸಬಾರದು. ಆವರಣದೊಳಗಿನ ಛಾಯಾಗ್ರಹಣಕ್ಕೆ ಸಿಬ್ಬಂದಿಯ ಸೂಚನೆಯನ್ನು ಪಾಲಿಸತಕ್ಕದ್ದು.

5. ಹೊರಾಂಗಣ ವೀಕ್ಷಣೆಗೆ ಬೆಳಗಿನ ವೇಳೆ ಸೂಕ್ತ. ಹಿರಿಯ ನಾಗರಿಕರು ಹಾಗೂ ಮಕ್ಕಳೊಂದಿಗೆ ಬರುವವರು ಕುಡಿಯುವ ನೀರು ಮತ್ತು ಕೊಡೆ ತರುವುದು ಒಳ್ಳೆಯದು.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪ್ರದರ್ಶನದಲ್ಲಿರುವ ವಿಮಾನಗಳು ಮಾದರಿಗಳೇ, ನೈಜವೇ?
ಉತ್ತರ: ಹೊರಾಂಗಣದಲ್ಲಿರುವ ಮೇಲ್ಕಂಡ ವಿಮಾನಗಳು ನೈಜ ವಿಮಾನಗಳು. ಸಭಾಂಗಣಗಳಲ್ಲಿ ಚಿಕ್ಕ ಗಾತ್ರದ ಮಾದರಿಗಳೂ ಇವೆ.

ಪ್ರಶ್ನೆ: ಪೂರ್ಣ ವೀಕ್ಷಣೆಗೆ ಎಷ್ಟು ಸಮಯ ಬೇಕು?
ಉತ್ತರ: ಎಂಜಿನ್ ಸಭಾಂಗಣದಿಂದ ಆರಂಭಿಸಿ ವಿವರ ಫಲಕಗಳನ್ನು ಓದುತ್ತಾ ಸಾಗುವವರು ಎರಡು ಗಂಟೆಗಳನ್ನು ಮೀಸಲಿಡುವುದು ಉತ್ತಮ.

ಪ್ರಶ್ನೆ: ಮಾರುತ ವಿಮಾನವನ್ನು ನಗರದಲ್ಲಿ ಬೇರೆಡೆ ನೋಡಬಹುದೇ?
ಉತ್ತರ: ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಆವರಣದಲ್ಲಿಯೂ ಒಂದು ಮಾರುತವನ್ನು ಇರಿಸಲಾಗಿದೆ. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯೂ ಅಲ್ಲಿದೆ.

ಪ್ರಶ್ನೆ: ಮಾರುತದ ನಂತರ ಬೆಂಗಳೂರಿನಲ್ಲಿ ಯುದ್ಧ ವಿಮಾನದ ವಿನ್ಯಾಸ ನಿಂತುಹೋಯಿತೇ?
ಉತ್ತರ: ಇಲ್ಲ. ದೀರ್ಘ ಅಂತರದ ನಂತರ, 2001ರ ಜನವರಿ 4ರಂದು, ತೇಜಸ್ ಎಂದು ಈಗ ಹೆಸರಾಗಿರುವ ಲಘು ಯುದ್ಧ ವಿಮಾನವು ಇದೇ ನೆಲೆಯಿಂದ ಮೊದಲ ಹಾರಾಟ ನಡೆಸಿತು. ಸೇವೆಗೆ ಸೇರಿದ ತೇಜಸ್ ವಿಮಾನಗಳ ಎಂಜಿನ್ ಸಹ ವಿದೇಶದ್ದೇ. ಮಾರುತದ ಮುಂದೆ ನಿಂತಾಗ ಏಳುವ ಪ್ರಶ್ನೆ ಇನ್ನೂ ಮುಗಿದಿಲ್ಲವೆಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.